ಬಳೆ, ಬೆಳೆ, ಬೇಳೆ

ಮೂರು ವರ್ಷದ ಹಿಂದೆ ನಮ್ಮ ಡೊಂಬಿವಲಿಯ ಹಾಡಿನ ಗುಂಪು ಮೊದಲ ಸಲ ಸ್ಟುಡಿಯೋ ಮೆಟ್ಟಿಲು ಹತ್ತಿತು. 22 ಜನ, ನಾಲ್ಕು ಗಂಟೆಯ ಶಿಫ್ಟ್. ರಾಜ್ಯೋತ್ಸವಕ್ಕೆ ಮೂರು ಹಾಡು ರೆಕಾರ್ಡ್ ಮಾಡಿಕೊಂಡು ಬರೋಣ ಅಂತ ಹೊರಟವರು ನಾವು. ಮೊದಲ ಒಂದು ಗಂಟೆ ಹಾಡಿದ್ದರಲ್ಲಿ ಒಂದು ಸಾಲೂ ಉಳಿಯಲಿಲ್ಲ.

"ಕಾಕೂ, ಬಾಂಗಡ್ಯಾ!" ಅಂತ ಗಾಜಿನ ಆಚೆಯಿಂದ ರೆಕಾರ್ಡ್ ಮಾಡುವ ಮರಾಠಿ ಹುಡುಗ ತಲೆ ಮೇಲೆ ಕೈ ಹೊತ್ತ. ಹದಿನಾಲ್ಕು ಹೆಂಗಸರ ಬಳೆ ಸದ್ದು. ತಾಳ ಹಾಕುವ ಅಭ್ಯಾಸ ಬೇರೆ, ಕೈ ಸುಮ್ಮನಿರುವುದಿಲ್ಲ ಅಲ್ವಾ? ಬಳೆ ತೆಗೆಯಿರಿ ಅಂದರೆ ಇಬ್ಬರು ಹಿರಿಯರು ಮುಖ ಸಣ್ಣದು ಮಾಡಿಕೊಂಡರು. ಆಮೇಲೆ ಪ್ಲಾಸ್ಟಿಕ್ ಫೈಲಿನ ಚರಪರ. ಆಮೇಲೆ ರೇಷ್ಮೆ ಸೀರೆ. ಫೋಟೋಗೆ ಇರಲಿ ಅಂತ ಎಲ್ಲರೂ ಉಟ್ಟು ಬಂದಿದ್ದೆವು. ಮೈಕಿಗೆ ಸೀರೆಯ ಬಣ್ಣ ಕಾಣುವುದಿಲ್ಲ, ಅದರ ಸರಸರ ಮಾತ್ರ ಕೇಳುತ್ತದೆ. ಸದ್ದಾಗುತ್ತದೆ ಅಂತ ಎಸಿ ಬೇರೆ ಬಂದ್. ಅಕ್ಟೋಬರ್ ತಿಂಗಳ ಮುಂಬಯಿ ಸೆಕೆಯಲ್ಲಿ 22 ಜನ ಒಂದೇ ಕೋಣೆಯಲ್ಲಿ ಬೆವರುತ್ತಾ ನಿಂತಿದ್ದೆವು.

ಈಗ ಬೇರೆ ಬೇರೆ ಊರಿನ ಕನ್ನಡ ಗುಂಪುಗಳೂ ರೆಕಾರ್ಡಿಂಗ್ ಮಾಡುತ್ತಿವೆ. ಬಹಳ ಖುಷಿ. ಆದರೆ ಕೇಳಿದಾಗ ಒಂದು ಜಗಳ ತೆಗೆಯಬೇಕು ಅನಿಸುತ್ತದೆ. ವಿಡಿಯೋಗೆ ಖರ್ಚು ಮಾಡುತ್ತೇವೆ, ಒಂದೇ ಬಣ್ಣದ ಸೀರೆಗೆ ಖರ್ಚು ಮಾಡುತ್ತೇವೆ. ಪ್ರಾಕ್ಟೀಸ್ ಮಾತ್ರ ನಾಲ್ಕು ಭಾನುವಾರ. ಕೇಳಿದರೆ ಒಂದೇ ಉತ್ತರ: "ಆಟೋಟ್ಯೂನ್ ಇದೆಯಲ್ಲಾ, ಅವರು ಸರಿ ಮಾಡ್ತಾರೆ ಬಿಡಿ."

ಮಾಡುವುದಿಲ್ಲ. ಒಬ್ಬರೇ ಒಂದು ಮೈಕಿನಲ್ಲಿ ಹಾಡಿದರೆ ಆ ಸಾಫ್ಟ್‌ವೇರ್‌ನಿಂದ ಅವರ ಅಪಶ್ರುತಿಯನ್ನು ಎಳೆದು ಜಾಗಕ್ಕೆ ತರಬಹುದು. ಹತ್ತು ಜನರ ದನಿ ಒಂದೇ ಮೈಕಿಗೆ ಬಿದ್ದರೆ ಅದು ಹುಳಿ ಇದ್ದ ಹಾಗೆ. ಉಪ್ಪು ಜಾಸ್ತಿಯಾಯಿತು ಅಂತ ಉಪ್ಪನ್ನು ಮಾತ್ರ ಹೆಕ್ಕಿ ತೆಗೆಯಲು ಬರುತ್ತದೆಯೇ?

ಮುಂಬಯಿಯ ಹಳೆಯ ಸಿನಿಮಾ ರೆಕಾರ್ಡಿಂಗ್ ನೆನೆಸಿಕೊಳ್ಳಿ. ಹಾಡುವವರು, ಕೋರಸ್, ವಾದ್ಯದವರು ಎಲ್ಲರೂ ಒಟ್ಟಿಗೆ. ಯಾರೋ ಒಬ್ಬರು ತಪ್ಪಿದರೂ ಎಲ್ಲರೂ ಮತ್ತೆ ಮೊದಲಿಂದ. ಆ ಪಿಟೀಲು ಸಾಲುಗಳಲ್ಲಿ ಕೂತವರಲ್ಲಿ ಗೋವಾದವರು ಬಹಳ ಜನ. ಚಿಕ್ಕಂದಿನಿಂದ ಇಗರ್ಜಿಯ ಸಂಗೀತದಲ್ಲಿ ಪಳಗಿದವರು.

ನಮ್ಮ ಗುಂಪು ಬದುಕಿದ್ದೂ ಅಂಥವರಿಂದಲೇ. ಬಜಪೆ ಕಡೆಯ ಒಬ್ಬರು ಅಕ್ಕ ಇದ್ದಾರೆ, ಚರ್ಚ್ ಕ್ವಾಯರ್‌ನಲ್ಲಿ ಹಾಡಿ ಬೆಳೆದವರು. ಎರಡನೇ ಸಲದ ತಯಾರಿಗೆ ಅವರು ಎಲ್ಲರ ಕೈಗೂ ಒಂದೊಂದು ಪೆನ್ಸಿಲ್ ಕೊಟ್ಟರು. ಉಸಿರು ಎಲ್ಲಿ ಎಳೆಯಬೇಕೋ ಅಲ್ಲಿ ಒಂದು ಗೀಟು. ಉದ್ದ ಸಾಲಿದ್ದರೆ ಅಕ್ಕಪಕ್ಕದವರು ಒಟ್ಟಿಗೆ ಉಸಿರು ಎಳೆಯಬಾರದು, ಒಬ್ಬರು ಬಿಟ್ಟಾಗ ಇನ್ನೊಬ್ಬರು ಹಿಡಿದಿರಬೇಕು. ಇಷ್ಟು ವರ್ಷ ಭಜನೆ ಹಾಡಿದ ನಮಗೆ ಇದು ಗೊತ್ತೇ ಇರಲಿಲ್ಲ. ಉಸಿರು ಮುಗಿದಾಗ ಎಳೆದುಕೊಳ್ಳುವುದು, ಅಷ್ಟೇ ನಮ್ಮ ಶಾಸ್ತ್ರ.

ಅವರು ಇನ್ನೊಂದು ಮಾತು ಹೇಳಿದರು. ಇಂಗ್ಲಿಷ್ ಹಾಡಿನಲ್ಲಿ ಕೊನೆಯ 'ಟ್', 'ಸ್' ಎಲ್ಲರಿಂದ ಒಟ್ಟಿಗೆ ಬರಬೇಕು, ಅದೇ ಅವರ ತಲೆನೋವು. ನಮ್ಮ ಮಾತು ಮುಗಿಯುವುದೇ ಅ, ಇ, ಉ, ಎ ಅಂತ. ಬಾಯಿ ತೆರೆದೇ ಇರುತ್ತದೆ. ಯಾರು ಎಲ್ಲಿ ನಿಲ್ಲಿಸುತ್ತಾರೋ ದೇವರಿಗೇ ಗೊತ್ತು. ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರ ಬಾಲ ಅಂಗಳದಲ್ಲಿ ಉಳಿದಿರುತ್ತದೆ. ಹಾಗಾಗಿ ಹಾಡಲು ಶುರು ಮಾಡುವುದಕ್ಕಿಂತ ನಿಲ್ಲಿಸುವುದನ್ನೇ ಜಾಸ್ತಿ ಕಲಿತೆವು. ಎಷ್ಟೋ ಭಾನುವಾರ ಬರೀ ಸಾಲಿನ ಕೊನೆಯ ಅಕ್ಷರ.

ಇನ್ನು ಉಚ್ಚಾರ. ಮಂಗಳೂರು, ಧಾರವಾಡ, ಮೈಸೂರು ಎಲ್ಲ ಕಡೆಯವರೂ ಇದ್ದಾರೆ. ಶ್ರುತಿಗೇ ಎರಡು ಹೆಸರು. ಮೈಸೂರಿನವರು ಐದೂವರೆ ಮನೆ ಅಂತಾರೆ, ಧಾರವಾಡದವರು ಕಾಳೀ ಚಾರ್ ಅಂತಾರೆ. ಎರಡೂ ಹಾರ್ಮೋನಿಯಂನ ಒಂದೇ ಕರಿ ಕೀಲಿ ಅಂತ ಗೊತ್ತಾಗುವ ಹೊತ್ತಿಗೆ ಅರ್ಧ ಗಂಟೆ ವಾದ ಮುಗಿದಿತ್ತು! ಆದರೆ ನಿಜವಾದ ಕಷ್ಟ ಇಲ್ಲೇ ಹುಟ್ಟಿ ಬೆಳೆದ ಮಕ್ಕಳದು. ಕನ್ನಡ ಓದಲು ಬಾರದ ಐದು ಜನಕ್ಕೆ ಸಾಹಿತ್ಯವನ್ನು ನಾನೇ ಮರಾಠಿ ಅಕ್ಷರದಲ್ಲಿ ಬರೆದುಕೊಟ್ಟಿದ್ದೆ. ಆ ಬರಹದಲ್ಲಿ ಎ, ಏ ಎರಡಕ್ಕೂ ಒಂದೇ ಗುರುತು. ಒ, ಓ ಕೂಡ ಹಾಗೇ. ಆದ್ದರಿಂದ ಮಕ್ಕಳು ಹೊಲದ ಬೆಳೆಯನ್ನು ತೊಗರಿ ಬೇಳೆ ಮಾಡಿ ಹಾಡಿದರು. ದೇವರಿಗೆ 'ವರ ಕೊಡು' ಅನ್ನುವ ಬದಲು 'ವರ ಕೋಡು'. ತಪ್ಪು ಅವರದಲ್ಲ, ನನ್ನದು. ಎರಡನೇ ಸಲ ಕಾಗದ ಕಿತ್ತುಕೊಂಡು ಬಾಯಿಪಾಠ ಮಾಡಿಸಿದೆ. ರಾಗ ಎಳೆದರೆ ಎ ಕೂಡ ಏ ಆಗುತ್ತದಲ್ಲ ಅಂತ ಯಾರಾದರೂ ಕೇಳಬಹುದು. ರಾಗ ಎಳೆದ ಕಡೆ ಆಗಲಿ ಬಿಡಿ. ರಾಗ ಎಳೆಯದ ಕಡೆ ನಾವೇಕೆ ಎಳೆಯಬೇಕು?

ಲಯದ್ದೂ ಒಂದು ಕಥೆ. ನಾಡಗೀತೆಗೆ ಸರ್ಕಾರ 2022ರಲ್ಲಿ 2 ನಿಮಿಷ 30 ಸೆಕೆಂಡ್ ಅಂತ ನಿಗದಿ ಮಾಡಿತು. ನಾವು ಹಾಡಿದರೆ ಮೂರು ನಿಮಿಷ ದಾಟುತ್ತಿತ್ತು. ಭಕ್ತಿ ಜಾಸ್ತಿಯಾದ ಹಾಗೆ ಹಾಡು ನಿಧಾನವಾಗುತ್ತದೆ. ಸ್ಟುಡಿಯೋದಲ್ಲಿ ಹೆಡ್‌ಫೋನ್ ಒಳಗೆ ಕ್ಲಿಕ್ ಹಾಕುತ್ತಾರೆ, ಟಕ್ ಟಕ್ ಅಂತ. ಅದು ಯಾರ ಭಕ್ತಿಗೂ ಕಾಯುವುದಿಲ್ಲ. ಮೊದಲೇ ಮೊಬೈಲಿನಲ್ಲಿ ಆ ಸದ್ದು ಹಾಕಿಕೊಂಡು ಹಾಡಿ ಅಭ್ಯಾಸ ಮಾಡಿ. ಇನ್ನೊಂದು: ಪಕ್ಕದವರ ದನಿ ಕೇಳಲಿ ಅಂತ ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸುತ್ತೀರಲ್ಲ, ಆ ಬಟ್ಟಲನ್ನು ತಲೆಗೆ ಒತ್ತಿ ಇಟ್ಟುಕೊಳ್ಳಿ. ಇಲ್ಲದಿದ್ದರೆ ಟಕ್ ಟಕ್ ಮೈಕಿಗೂ ಹೋಗುತ್ತದೆ.

ಒಂದು ವಿಷಯ ಬರೆಯಲೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೆ.

ಮೊದಲ ಸಲ ನಮ್ಮ ಗುಂಪಿನ ಒಬ್ಬರು ಮಾಮಿಗೆ ನಾನು ಹೇಳಿದ್ದೆ, "ಮಾಮಿ, ನೀವು ಬರೀ ತುಟಿ ಆಡಿಸಿ ಸಾಕು." ಅವರ ಶ್ರುತಿ ಸ್ವಲ್ಪ ಇಳಿಯುತ್ತದೆ. ಗಡಿಯಾರ ಓಡುತ್ತಿತ್ತು, ಒಂದು ಗಂಟೆ ಬಳೆಗೇ ಹೋಗಿತ್ತು, ನನಗೆ ತಲೆ ಕೆಟ್ಟಿತ್ತು. ಅವರು "ಆಯ್ತಮ್ಮಾ" ಅಂದರು. ಮೂರು ಹಾಡಿಗೂ ತುಟಿ ಆಡಿಸಿದರು. ವಾಪಸ್ ಬರುವಾಗ ಮೆಟ್ರೋದಲ್ಲಿ ನನಗೇ ಸೀಟು ಬಿಟ್ಟುಕೊಟ್ಟರು. ಆಮೇಲೆ ನಾಲ್ಕು ತಿಂಗಳು ಪ್ರಾಕ್ಟೀಸಿಗೆ ಬರಲಿಲ್ಲ.

ಬಜಪೆ ಅಕ್ಕನಿಗೆ ವಿಷಯ ಗೊತ್ತಾದಾಗ ನನಗೆ ಚೆನ್ನಾಗಿ ಬೈದರು. "ನೀನು ಅವರನ್ನು ಎಲ್ಲಿ ನಿಲ್ಲಿಸಿದ್ದೆ?" ಕೊನೆಯಲ್ಲಿ, ಗೋಡೆ ಪಕ್ಕ. ಅದೇ ತಪ್ಪು. ಶ್ರುತಿ ಗಟ್ಟಿ ಇರುವ ಇಬ್ಬರ ಮಧ್ಯೆ ನಿಲ್ಲಿಸಿದರೆ ಎರಡೂ ಕಿವಿಗೆ ಸರಿಯಾದ ಸ್ವರ ಬೀಳುತ್ತದೆ. ನಾನೇ ಅವರ ಮನೆಗೆ ಹೋಗಿ ಕರೆದುಕೊಂಡು ಬಂದೆ. ಮಧ್ಯೆ ನಿಲ್ಲಿಸಿದೆವು. ಮೂರು ತಿಂಗಳಲ್ಲಿ ಎಲ್ಲವೂ ಸರಿಹೋಯಿತು ಅಂತ ಹೇಳುವುದಿಲ್ಲ, ಮೇಲಿನ ಸ್ವರದಲ್ಲಿ ಈಗಲೂ ಒಮ್ಮೊಮ್ಮೆ ಜಾರುತ್ತಾರೆ. ಆದರೆ ಎರಡನೇ ರೆಕಾರ್ಡಿಂಗ್‌ನಲ್ಲಿ ಅವರ ದನಿ ಇದೆ.

ಜೋರು ದನಿಯವರನ್ನು ಹಿಂದಿನ ಸಾಲಿಗೆ ಕಳಿಸುವುದು ಇದಕ್ಕಿಂತ ಕಷ್ಟ. ವೇದಿಕೆಯಲ್ಲಿ ಯಾವಾಗಲೂ ಮುಂದೆ ನಿಂತವರು ಅವರೇ ಅಲ್ವಾ? ನಾನು ಎಲ್ಲರನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿದೆ, ಮಾತಾಡಲಿಲ್ಲ. ಮೂರನೇ ವಾರ ಒಬ್ಬರು ತಾವಾಗಿಯೇ ಎರಡು ಹೆಜ್ಜೆ ಹಿಂದೆ ಹೋದರು.

ರೆಕಾರ್ಡಿಂಗ್ ದಿನ ಡೊಂಬಿವಲಿಯಿಂದ ಘಾಟ್ಕೋಪರ್‌ವರೆಗೆ ಲೇಡೀಸ್ ಡಬ್ಬಿಯಲ್ಲಿ ಮಾತು ಬಂದ್ ಮಾಡಿಸಿದೆ. ಗಾಡಿಯ ಗದ್ದಲದಲ್ಲಿ ನಮಗೇ ತಿಳಿಯದೆ ಕಿರುಚಿ ಮಾತಾಡುತ್ತೇವೆ, ಗಂಟಲು ಅಲ್ಲೇ ಅರ್ಧ ಮುಗಿಯುತ್ತದೆ. ನೀರು ಮಾತ್ರ ಬೆಳಗ್ಗೆಯಿಂದಲೇ ಕುಡಿಯುತ್ತಾ ಬನ್ನಿ ಅಂದಿದ್ದೆ. ಮಾತಾಡದೇ ಇರುವುದು ಎಸಿ ಇಲ್ಲದ ಕೋಣೆಗಿಂತ ಕಷ್ಟವಾಯಿತು ಅಂತ ಎಲ್ಲರ ದೂರು.

ಈ ವರ್ಷದ ಹಾಡುಗಳಿಗೆ ಬರುವ ಭಾನುವಾರದಿಂದ ಶುರು. ಸಂಜೆ ನಾಲ್ಕಕ್ಕೆ, ಅದೇ ಸೊಸೈಟಿ ಹಾಲ್. ಹತ್ತಿ ಸೀರೆ ಅಥವಾ ಚೂಡಿದಾರ್, ಪೆನ್ಸಿಲ್ ತನ್ನಿ. ಬಳೆ ತೆಗೆಯುವುದು ಬೇಡ. ಮೇಲಕ್ಕೆ ಸರಿಸಿ ಕಟ್ಟಲು ಕೂದಲಿನ ರಬ್ಬರ್‌ಬ್ಯಾಂಡ್ ಒಂದು ಪ್ಯಾಕೆಟ್ ತಂದಿಟ್ಟಿದ್ದೇನೆ.