ಅಮೆದೆಯಿ ಗೆದ್ದದ್ದು ಸೇಡಿನಿಂದ ಅಲ್ಲ

ಇಟಲಿಯ ಅಮೆದೆಯಿ ಚಾಕೊಲೇಟ್ ಕಂಪನಿಯ ಕಥೆ ಯಾರೇ ಹೇಳಲಿ, ಒಂದು ಅವಮಾನದ ಮೇಲೆಯೇ ನಿಲ್ಲಿಸುತ್ತಾರೆ. ಕೇಳೋಕೆ ಮಜವಾಗಿದೆ. ಆದರೆ ನನ್ನ ಪ್ರಕಾರ ಅದು ಅರ್ಧ ಕಥೆ ಮಾತ್ರ.

ಪೀಸಾ ಹತ್ತಿರ ಪೊಂಟೆಡೇರಾ ಅಂತ ಊರು. ವೆಸ್ಪಾ ಸ್ಕೂಟರ್ ತಯಾರಾಗುವುದು ಅಲ್ಲೇ. 1990ರಲ್ಲಿ ಅಲೆಸ್ಸಿಯೋ ಮತ್ತು ಚೆಚೀಲಿಯಾ ಟೆಸ್ಸಿಯೇರಿ ಎಂಬ ಒಡಹುಟ್ಟಿದವರು ಅಲ್ಲೊಂದು ಪುಟ್ಟ ಜಾಗದಲ್ಲಿ ಕೆಲಸ ಶುರು ಮಾಡಿದರು. ಅಜ್ಜಿಯ ಕಡೆಯ ಹೆಸರನ್ನೇ ಕಂಪನಿಗೆ ಇಟ್ಟರು. ಮೊದಮೊದಲು ಬೇರೆಯವರ ಚಾಕೊಲೇಟ್ ಕೊಂಡು, ಕರಗಿಸಿ, ಒಳಗೆ ಹೂರಣ ತುಂಬಿ ಮಾರುತ್ತಿದ್ದರು. ಒಳ್ಳೆಯ ಚಾಕೊಲೇಟ್ ಬೇಕೆಂದು ಫ್ರಾನ್ಸಿನ ಹೆಸರಾಂತ ವಲ್ರೋನಾ ಕಂಪನಿಗೆ ಹೋದರಂತೆ. ಇಷ್ಟು ಉತ್ತಮ ಸರಕಿನ ರುಚಿ ತಿಳಿಯುವಷ್ಟು ಇಟಲಿ ಇನ್ನೂ ಬೆಳೆದಿಲ್ಲ ಅನ್ನೋ ಅರ್ಥದ ಮಾತು ಕೇಳಿ ಬರಿಗೈಯಲ್ಲಿ ವಾಪಸ್ ಬಂದರಂತೆ. ಇದು ಟೆಸ್ಸಿಯೇರಿಗಳೇ ಹೇಳಿಕೊಂಡು ಬಂದಿರುವ ಕಥೆ. ಆಮೇಲೆ ಕೊಕ್ಕೋ ಬೀಜದಿಂದ ಹಿಡಿದು ಎಲ್ಲವನ್ನೂ ನಾವೇ ಮಾಡೋಣ ಅಂತ ಹಟಕ್ಕೆ ಬಿದ್ದರು.

ಸರಿ, ಹಟ ಬಂತು. ಹಟದಿಂದ ರುಚಿ ಬರುತ್ತದಾ?

ಚಾಕೊಲೇಟಿನ ರುಚಿ ಅರ್ಧ ತೀರ್ಮಾನವಾಗುವುದು ತೋಟದಲ್ಲಿ. ಕಾಯಿ ಒಡೆದು, ಬಿಳಿ ಲೋಳೆಯ ಸಮೇತ ಬೀಜವನ್ನು ರಾಶಿ ಹಾಕಿ, ಮುಚ್ಚಿ, ಕೆಲವು ದಿನ ಹುಳಿ ಬರಲು ಬಿಡಬೇಕು. ನಡುನಡುವೆ ಮಗುಚಬೇಕು. ರಾಶಿ ಒಳಗಿಂದಲೇ ಬಿಸಿಯಾಗುತ್ತದೆ, ವಿನೆಗರಿನ ಹಾಗೆ ಮೂಗಿಗೆ ಹೊಡೆಯುತ್ತದೆ. ಆಮೇಲೆ ಬಿಸಿಲು. ಇಲ್ಲಿ ಕೆಟ್ಟದ್ದನ್ನು ಯಾವ ಮಷೀನೂ ಸರಿ ಮಾಡಲಾರದು. ಪುತ್ತೂರು, ಸುಳ್ಯ ಕಡೆ ಅಡಿಕೆ ತೋಟದೊಳಗೆ ಕೊಕ್ಕೋ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದಕ್ಕೇ ನನಗೆ ಫ್ರಾನ್ಸಿಗಿಂತ ವೆನೆಜುವೆಲಾದ ಚುವಾವೋ ಎಂಬ ಹಳ್ಳಿ ಮುಖ್ಯ ಅನಿಸುತ್ತದೆ. ಹಿಂದೆ ಬೆಟ್ಟ, ಮುಂದೆ ಕೆರಿಬಿಯನ್ ಸಮುದ್ರ. ಹೊರಗಿನಿಂದ ರಸ್ತೆ ಇಲ್ಲ, ದೋಣಿಯಲ್ಲೇ ಹೋಗಬೇಕು. ಚರ್ಚಿನ ಎದುರಿನ ಅಂಗಳದಲ್ಲೇ ಬೀಜ ಒಣಗಿಸುತ್ತಾರೆ. ಅಲ್ಲಿನ ಕೊಕ್ಕೋಗೆ ನೂರಾರು ವರ್ಷಗಳ ಹೆಸರಿದೆ. ವಲ್ರೋನಾ ಕೂಡ ಅಲ್ಲಿಂದ ಬೀಜ ಕೊಳ್ಳುತ್ತಿತ್ತು. 2000ದ ಹೊತ್ತಿಗೆ ಅಲೆಸ್ಸಿಯೋ ಬೆಳೆಗಾರರಿಗೆ ಜಾಸ್ತಿ ರೇಟು ಕೊಟ್ಟು, ಅವರ ಸಾಲ ತೀರಿಸಿ, ಇಡೀ ಊರಿನ ಬೀಜ ತಮಗೇ ಬರುವಂತೆ ಒಪ್ಪಂದ ಮಾಡಿಕೊಂಡರು. ಮುಂದೆ ಅಮೆದೆಯಿಯ ಚುವಾವೋ ಚಾಕೊಲೇಟ್ ಲಂಡನ್ನಿನಲ್ಲಿ ಪ್ರಶಸ್ತಿ ಬಾಚಿಕೊಂಡಿತು.

ಸೇಡು ಅಂದ್ರೆ ಇದೇ ಅಲ್ವಾ ಅಂತ ನೀವು ಕೇಳಬಹುದು. ಇರಬಹುದು. ಆದರೆ ಗೆದ್ದದ್ದು ಒಳ್ಳೆಯ ರೇಟು.

ಹಾಗಂತ ಪೂರ್ತಿ ಹೊಗಳೋಕೂ ಮನಸ್ಸಿಲ್ಲ. ಇಡೀ ಊರು ಒಬ್ಬನೇ ಗಿರಾಕಿಯನ್ನು ನಂಬಿ ಕೂತರೆ ಏನಾಗುತ್ತದೆ ಅಂತ ನಮ್ಮ ದಕ್ಷಿಣ ಕನ್ನಡದವರನ್ನು ಕೇಳಿ. 1980ರ ಹೊತ್ತಿಗೆ ಕೊಕ್ಕೋ ರೇಟು ನೆಲಕಚ್ಚಿ, ಕೊಳ್ಳುವವರು ಹಿಂದೆ ಸರಿದಾಗ ಬೆಳೆಗಾರರು ಕೈಕಟ್ಟಿ ಕೂರಬೇಕಾಯಿತು. ಬೆಳೆಗಾರರ ಸಹಕಾರಿ ಸಂಘ ಕ್ಯಾಂಪ್ಕೊ ಖರೀದಿಗೆ ಇಳಿದು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಸಹಕಾರಿ ಸಂಘ ಇದ್ದದ್ದಕ್ಕೆ ಬಚಾವ್.

ಅಮೆದೆಯಿ ಕೂಡ ಟೆಸ್ಸಿಯೇರಿ ಮನೆತನದ ಕೈಯಲ್ಲಿ ಉಳಿಯಲಿಲ್ಲ. 2017ರಲ್ಲಿ ಫೆರರೆಲ್ಲೆ ಎಂಬ ಮಿನರಲ್ ವಾಟರ್ ಕಂಪನಿ ಅದನ್ನು ಕೊಂಡಿತು. ದುಬಾರಿ ಚಾಕೊಲೇಟಿನ ಪೊಟ್ಟಣದ ಮೇಲೆ ಬೀಜ ಬಂದ ಊರಿನ ಹೆಸರನ್ನು ದೊಡ್ಡದಾಗಿ ಹಾಕುತ್ತಾರೆ. ಆ ಊರಿನವರಿಗೆ ಈ ವರ್ಷ ಕಿಲೋಗೆ ಎಷ್ಟು ಕೊಟ್ಟರು ಅನ್ನೋದನ್ನೂ ಪಕ್ಕದಲ್ಲೇ ಅಚ್ಚು ಹಾಕಲಿ ನೋಡೋಣ.