ಬಸರೂರು: ದಾಳಿಗಿಂತ ಹಿಂದಿನ ಕಥೆ
ಕುಂದಾಪುರದ ಬಳಿಯ ಹಳೆಯ ಬಂದರು ಪಟ್ಟಣ ಬಸರೂರಿನ ಕುರಿತ ನಿಮ್ಮ ಲೇಖನ 1665ರ ಶಿವಾಜಿ ದಾಳಿಗೇ ನಿಂತುಬಿಟ್ಟಿದ್ದು ಬೇಸರ ತಂದಿತು. ಊರು ಸಿರಿವಂತವಾಗಿದ್ದರಿಂದಲೇ ದಾಳಿ ನಡೆಯಿತು. ಆ ಸಿರಿ ಬಂದದ್ದು ಹೇಗೆ ಎಂಬುದನ್ನು ಮೊದಲು ಹೇಳಬೇಕಿತ್ತು. ಬಸರೂರು ಕಡಲ ತಡಿಯಲ್ಲಿಲ್ಲ, ವಾರಾಹಿಯ ದಂಡೆಯಲ್ಲಿದೆ. ವಾರಾಹಿ, ಸೌಪರ್ಣಿಕಾ, ಚಕ್ರಾ ಸೇರಿ ಐದು ನದಿಗಳು ಗಂಗೊಳ್ಳಿಯ ಅಳಿವೆಯಲ್ಲಿ ಅರಬ್ಬೀ ಸಮುದ್ರ ಸೇರುತ್ತವೆ. ಅಳಿವೆಯೊಳಗೆ ಬಂದ ದೋಣಿಗಳಿಗೆ ತೆರೆಗಳ ಹೊಡೆತವಿರಲಿಲ್ಲ, ಒಳನಾಡಿನ ಸರಕೂ ನದಿಯಂಚಿಗೇ ಬರುತ್ತಿತ್ತು. ಗೋವಾಕ್ಕೆ ಇಲ್ಲಿಂದ ಅಕ್ಕಿ ಹೋಗುತ್ತಿತ್ತು. ಪೋರ್ಚುಗೀಸರು 1569ರಲ್ಲಿ ಇಲ್ಲಿ ನೆಲೆಯೂರಿದ್ದಕ್ಕೆ ಆ ಅಕ್ಕಿಯೂ ದೊಡ್ಡ ಕಾರಣ. ಇನ್ನು ಊರಿನ ಎರಡು ಕೇರಿಗಳಾದ ಮೂಡುಕೇರಿ, ಪಡುವಕೇರಿಗಳ ವರ್ತಕರು! ಶಾಸನಗಳಲ್ಲಿ ಅವರ ಉಲ್ಲೇಖಗಳಿವೆ. ಊರನ್ನು ಕಟ್ಟಿದ ಅವರ ಬಗ್ಗೆ ಒಂದು ಸಾಲೂ ಇಲ್ಲದಿರುವುದು ಅನ್ಯಾಯ. ದಯವಿಟ್ಟು ಎರಡನೆಯ ಭಾಗ ಬರೆಯಿರಿ.