ಟ್ಯಾಗ್ ಎಲ್ಲಿ ಸಾ?

ಗಾಜಿಗೆ ಅಂಟಿಸ್ಲಿ ಅಂತಲೇ ಹಿಂದೆ ಗಮ್ ಹಾಕಿ ಕೊಡೋ ಫಾಸ್ಟ್ಯಾಗನ್ನ ಜನ ಗಾಜೊಂದು ಬಿಟ್ಟು ಮಿಕ್ಕ ಎಲ್ಲಾ ಕಡೆ ಯಾಕಿಡ್ತಾರೋ ನಂಗೆ ಈ ಜನ್ಮದಲ್ಲಿ ಅರ್ಥ ಆಗಲ್ಲ. ಪರ್ಸಲ್ಲಿ, ಡ್ಯಾಶ್‌ಬೋರ್ಡ್ ಒಳಗೆ, ಮೊನ್ನೆ ಒಬ್ರದ್ದು ದೇವರ ಫೋಟೋ ಹಿಂದೆ ಇತ್ತು. ಅಂಟಿಸಿದ್ರೆ ಗ್ಲಾಸ್ ಗಲೀಜಾಗುತ್ತಂತೆ. ಅದೇ ಗ್ಲಾಸ್ ಮೇಲೆ 'ಅಪ್ಪ ಅಮ್ಮನ ಆಶೀರ್ವಾದ' ಅಂತ ಇಷ್ಟುದ್ದ ಸ್ಟಿಕ್ಕರ್, ಅದು ಗಲೀಜಲ್ಲ.

ನಾನು ಕೂರೋದು ಶ್ರೀರಂಗಪಟ್ಟಣದ ಹತ್ರ, ಬೆಂಗಳೂರು-ಮೈಸೂರು ಹೈವೇ ಟೋಲಲ್ಲಿ. ಈ ಭಾನುವಾರ ಬೆಳಿಗ್ಗೆ ಏಳು ಸೀಟಿನ ಗಾಡೀಲಿ ಒಂಬತ್ತು ಜನ ಬಂದ್ರು. ಗೇಟ್ ಏಳ್ಲಿಲ್ಲ. "ಟ್ಯಾಗ್ ಎಲ್ಲಿ ಸಾ?" ಅಂದೆ. "ಇದೆ ಇದೆ, ಒಂದ್ನಿಮಿಷ" ಅಂತ ಹೆಂಡ್ತಿ ಕಡೆ ತಿರುಗಿ "ನಿನ್ ಕೈಗೇ ಕೊಟ್ಟಿದ್ನಲ್ಲೇ" ಅಂದ್ರು. ಆಯಮ್ಮ "ನಂಗೆಲ್ಲಿ ಕೊಟ್ರಿ, ನಿಮ್ ತಮ್ಮನ್ ಮದ್ವೇಲಿ ಸರನೂ ಹಿಂಗೇ ಕೊಟ್ಟಿದ್ರಲ್ಲ" ಅಂದ್ರು, ಮಾತು ಟ್ಯಾಗ್ ಬಿಟ್ಟು ಬೇರೆಲ್ಲೋ ಹೊರಟಿದೆ ಅಂತ ನಂಗೂ ಗೊತ್ತಾಯ್ತು, ಹಿಂದೆ ಹಾರನ್ ಒತ್ತೋರಿಗೂ ಗೊತ್ತಾಯ್ತು. ಬ್ಯಾಗ್ ಬಿಚ್ಚಿದ್ರು. ಪುಳಿಯೋಗರೆ ಡಬ್ಬಿ ಬಂತು, ಈಜೋ ಟ್ಯೂಬ್ ಬಂತು (ಬಲಮುರಿ ಫಾಲ್ಸಿಗಿರ್ಬೇಕು), ಸ್ವೆಟರ್ ಬಂತು, ಮೈಸೂರಿಗೆ ಯಾವನಾದ್ರೂ ಸ್ವೆಟರ್ ತರ್ತಾನಾ? ಕೊನೆಗೆ ಹಿಂದಿನ ಸೀಟಿನ ಅಜ್ಜಿ, ಅಲ್ಲೀವರೆಗೂ ಆರಾಮಾಗಿ ಗಾಳಿ ಬೀಸ್ಕೊತಿದ್ದ ಬ್ಯಾಂಕ್ ಕವರನ್ನ ಮುಂದೆ ಚಾಚಿ "ಇದೇನಪ್ಪಾ ನೋಡು" ಅಂದ್ರು. ಅದರೊಳಗೇ ಇತ್ತು. ಓದೋ ಮಿಷನ್ ಇರೋದು ಮೇಲೆ, ಆಯಪ್ಪ ಕಿಟಕಿಯಿಂದ ಕೈ ಹೊರಗೆ ಹಾಕಿ ನನ್ ಮುಖಕ್ಕೆ ಮಂಗಳಾರತಿ ಎತ್ತಿದಂಗೆ ಮೂರು ಸುತ್ತು ಸುತ್ತಿಸಿದ್ರು. "ಓದೋದು ನಾನಲ್ಲ ಸಾ, ಮೇಲಿರೋದು" ಅಂದ್ಮೇಲೆ ಒಳಗಿಂದ ಗ್ಲಾಸಿಗೆ ಒತ್ತಿ ಹಿಡಿದ್ರು, ಗೇಟ್ ಎದ್ದಿತು. ಹೊರಡೋವಾಗ ಹೇಳಿದ್ದು, "ಏನ್ರೀ ಇಷ್ಟು ಸ್ಲೋ ನೀವು".

ನಾನು ಸ್ಲೋ ಅಂತೆ!

ಹಿಂಗೆ ಕೈಯಲ್ಲಿ ಹಿಡಿಯೋ ಟ್ಯಾಗನ್ನ ಬ್ಲ್ಯಾಕ್‌ಲಿಸ್ಟ್ ಮಾಡ್ತೀವಿ ಅಂತ ಹೆದ್ದಾರಿ ಪ್ರಾಧಿಕಾರದೋರು 2025ರ ಜುಲೈನಲ್ಲೇ ಹೇಳಿದಾರೆ, ಯಾರಿಗೆ ಲೆಕ್ಕ. ಅದೇ ವರ್ಷ ನವೆಂಬರ್ 15ರಿಂದ ಟ್ಯಾಗ್ ಕೆಲಸ ಮಾಡ್ಲಿಲ್ಲ ಅಂದ್ರೆ ಯುಪಿಐಲಿ ಒಂದೂಕಾಲು ಪಟ್ಟು ಕಟ್ಬೇಕು. ಇದನ್ನ ಹೇಳಿದ್ರೆ ಒಬ್ರು "ಒಂದು ತಗೊಳಿ, ಕಾಲು ಬಿಡಿ" ಅಂತ ಚೌಕಾಸಿಗೆ ನಿಂತ್ರು.

ಇನ್ನು ಕೆಲವರು ಗೇಟ್ ಎದ್ರೂ ಹೋಗಲ್ಲ. "ಬಾಸ್, ಮದ್ದೂರು ವಡೆ ಇಲ್ಲೆಲ್ಲಿ ಚೆನ್ನಾಗಿರುತ್ತೆ?" ಸಾಮಿ, ಮದ್ದೂರು ಆಗ್ಲೇ ಹಿಂದೆ ಹೋಯ್ತು, ಮಂಡ್ಯನೂ ಹೋಯ್ತು, ಬೈಪಾಸಲ್ಲಿ ಹಾರ್ಕೊಂಡ್ ಬಂದ್ರಲ್ಲ. 2023ರ ಮಾರ್ಚಲ್ಲಿ ಈ ರೋಡ್ ಉದ್ಘಾಟನೆ ಆಗೋಕೆ ಮುಂಚೆ ಹಳೇ ರೋಡಲ್ಲಿ ನಮ್ ಚಿಕ್ಕಪ್ಪಂದು ಎಳನೀರು ಅಂಗಡಿ ಇತ್ತು. ಭಾನುವಾರ ಬಂದ್ರೆ ಕಾರಿನೋರು ಇಳಿದು ಮೈ ಮುರಿದು, ಗಂಜಿ ಇರೋದು ಕೊಡಿ ಅಂತ ಕೇಳಿ, ಈ ಸಲ ಕಬ್ಬು ಹೆಂಗೆ, ಕನ್ನಂಬಾಡಿ ಕಟ್ಟೆ ತುಂಬ್ತಾ ಅಂತ ಮಾತಾಡಿಸ್ಕೊಂಡು ಹೋಗೋರು. ಈಗ ಅಂಗಡಿ ಇಲ್ಲ. ಬರೋರು ಅದೇ ಜನಾನೇ, ನನ್ ಮುಂದೆ ಮಾತ್ರ ಗ್ಲಾಸ್ ಎರಡು ಬೆರಳಷ್ಟು ಇಳಿಸ್ತಾರೆ, ಎಸಿ ಗಾಳಿ ಆಚೆ ಬರಬಾರದಲ್ಲ.

ರಾತ್ರಿ ಮನೆಗೆ ಹೋದ್ರೆ ನಮ್ಮವಳದ್ದು ಶುರು. "ಊರೋರೆಲ್ಲಾ ಟ್ರಿಪ್ ಹೋಯ್ತಾವ್ರೆ, ನೀವು ಕುಂತು ನೋಡ್ತಾ ಇರಿ. ಆ ರೋಡಲ್ಲಿ ಒಂದ್ ದಿನಾನಾದ್ರೂ ಕರ್ಕೊಂಡ್ ಹೋಗಿದೀರಾ?" ಎಲ್ಲಿ ಕರ್ಕೊಂಡ್ ಹೋಗ್ಲಿ, ಇರೋದೊಂದು ಬೈಕು, ಬೈಕನ್ನ 2023ರ ಆಗಸ್ಟಿಂದ ಮೇನ್ ರೋಡಿಗೇ ಬಿಡಲ್ಲ. ಅಂದ್ರೆ ನಾನು ಗೇಟ್ ಎತ್ತೋ ರೋಡಿಗೆ ನಾನೇ ಹೋಗಂಗಿಲ್ಲ. ಆಗ್ಲಿ, ಲಾಲ್‌ಬಾಗ್ ತೋರ್ಸೋಣ ಅಂತ ಮುಂದಿನ ವಾರ ರಜಾ ಹಾಕಿ, ಪಕ್ಕದ ಬೀದಿಲಿ ಬಾಡಿಗೆ ಕಾರಿಗೆ ಕೇಳಿದೆ. ರೇಟು ಹೇಳಿ, ನನ್ ಯೂನಿಫಾರಂ ನೋಡ್ಕೊಂಡೇ "ಟೋಲ್ ಎಕ್ಸ್‌ಟ್ರಾ ಆಯ್ತದೆ ಅಣ್ಣ" ಅಂದ.

ಟ್ರೈನಲ್ಲೇ ಹೋಗ್ತಿದೀವಿ. ವಡೆ ಬೋಗಿಯೊಳಗೇ ಬರುತ್ತೆ.